ದತ್ತೂರಿಯ ಕೆಂಪು ದಾಯಾದಿ

ಧಾರವಾಡದಲ್ಲಿ ಎದೆಯ ಮೇಲೆ ಏನಾದರೂ ಚುಚ್ಚಿಕೊಂಡು ತಿರುಗುವುದು ಸಣ್ಣ ಮಾತಲ್ಲ. 2019ರ ಜನವರಿಯಲ್ಲಿ ಇಲ್ಲಿ 84ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಚಂದ್ರಶೇಖರ ಕಂಬಾರರು ಅಧ್ಯಕ್ಷರಾಗಿದ್ದರು. ಆ ಮೂರು ದಿನ ಊರಿನಲ್ಲಿ ಎರಡೇ ಜಾತಿ ಉಳಿದಿದ್ದವು. ಬ್ಯಾಡ್ಜ್ ಇದ್ದವರು, ಬ್ಯಾಡ್ಜ್ ಇಲ್ಲದವರು. ಇದ್ದವರಿಗೆ ಊಟದ ಪಾಳಿಯೇ ಬೇರೆ. ನನಗೂ ಒಂದು ಸಿಕ್ಕಿತ್ತು, ಯಾವ ಸಮಿತಿಯದೆಂದು ಈಗ ನೆನಪಿಲ್ಲ. ಸಮ್ಮೇಳನ ಮುಗಿದ ಮೇಲೂ ನಾಲ್ಕು ದಿನ ಅದನ್ನು ಅಂಗಿಯಿಂದ ತೆಗೆಯದೆ ಮಾರ್ಕೆಟ್ಟಿಗೆ ಹೋಗಿ ಬಂದೆ. ಬದನೆಕಾಯಿ ಮಾರುವಾಕೆ ಬೆಲೆಯನ್ನು ಒಂದು ರೂಪಾಯಿ ಕೂಡ ಇಳಿಸಲಿಲ್ಲ, ಅದು ಬೇರೆ ಮಾತು.

ಹೀಗಾಗಿ ನನ್ನ ಅಕ್ಕನ ಮಗ, ಬ್ರಿಟನ್ನಿನಲ್ಲಿ ನೆಲೆಸಿರುವ ಅಳಿಯ, ದೀಪಾವಳಿಗೆಂದು ಹೆಂಡತಿ ಮಗಳ ಜೊತೆ ಬಂದಿಳಿದಾಗ ಅವನ ಕೋಟಿನ ಮೇಲಿದ್ದ ಕೆಂಪು ಕಾಗದದ ಹೂವಿನ ಮೇಲೆ ಓಣಿಯ ಕಣ್ಣೆಲ್ಲ ಬಿತ್ತು. ವಿಮಾನದ ಸುಸ್ತು, ಅದರ ಮೇಲೆ ವಂದೇ ಭಾರತ್ ರೈಲಿನ ಸುಸ್ತು. ಅವನಿಗೆ ಅದನ್ನು ತೆಗೆದಿಡುವ ಎಚ್ಚರವೇ ಇರಲಿಲ್ಲ.

"ಏನಪಾ, ಅಲ್ಲಿ ಯಾವ ಪಕ್ಷದಾಗ ಇದ್ದೀ?" ಎಂದರು ಪಕ್ಕದ ಮನೆಯ ವಕೀಲ ಕಾಕಾ.

"ಪಕ್ಷ ಅಲ್ರೀ ಕಾಕಾ, ಇದು ಪಾಪಿ."

ಕಾಕಾ ಒಂದು ಕ್ಷಣ ಸುಮ್ಮನಾದರು. ಅರವತ್ತು ದಾಟಿದ ಮನುಷ್ಯನಿಗೆ ಹಬ್ಬದ ದಿನ ಬಾಗಿಲಲ್ಲೇ ಈ ಮಾತು ಕೇಳಿಸಬಾರದಿತ್ತು. ಹುಡುಗ ಬೈದದ್ದಲ್ಲ, ಹೂವಿನ ಹೆಸರು ಹೇಳಿದ್ದು ಎಂದು ತಿಳಿಸಿ ಹೇಳಲು ಒಂದು ವಾಟಗಾ ಚಹಾ ಖರ್ಚಾಯಿತು.

ಅಳಿಯ ಹೇಳಿದ ಕಥೆ ಇಷ್ಟು. ಯುರೋಪಿನ ಗೋಧಿ ಹೊಲಗಳಲ್ಲಿ ಯಾರೂ ಬಿತ್ತದೆ ಏಳುವ ಕಳೆ ಅದು. ನಾಲ್ಕೇ ಎಸಳು, ಬುಡದಲ್ಲಿ ಕಪ್ಪು ಚುಕ್ಕೆ, ಮುಂಜಾನೆ ಅರಳಿದರೆ ಸಂಜೆಯೊಳಗೆ ಎಸಳು ಉದುರಿ ಹೋಗುವಷ್ಟು ಅಲ್ಪಾಯುಷಿ. ಒಂದನೆಯ ಮಹಾಯುದ್ಧದಲ್ಲಿ ಬೆಲ್ಜಿಯಮ್ಮಿನ ಈಪ್ರ ಊರಿನ ಸುತ್ತ ತೋಪಿನ ಗುಂಡುಗಳು ನೆಲವನ್ನೆಲ್ಲ ಕಿತ್ತು ಹಾಕಿದಾಗ, ಗೋರಿಗಳ ನಡುವೆ ಈ ಹೂವೇ ಎದ್ದು ನಿಂತಿತು. ಅಲ್ಲಿ ಗಾಯಾಳುಗಳಿಗೆ ಪಟ್ಟಿ ಕಟ್ಟುತ್ತಿದ್ದ ಕೆನಡಾದ ವೈದ್ಯ ಜಾನ್ ಮೆಕ್ರೇ 1915ರ ಮೇ ತಿಂಗಳಲ್ಲಿ, ಸತ್ತ ಗೆಳೆಯನನ್ನು ಮಣ್ಣು ಮಾಡಿ ಬಂದು, ಒಂದು ಕವಿತೆ ಬರೆದ. ಡಿಸೆಂಬರಿನಲ್ಲಿ ಅದು ಲಂಡನ್ನಿನ 'ಪಂಚ್' ಪತ್ರಿಕೆಯಲ್ಲಿ ಅಚ್ಚಾಯಿತು. 1918ರ ಜನವರಿಯಲ್ಲಿ ಕವಿಯೇ ನ್ಯುಮೋನಿಯಾಕ್ಕೆ ತುತ್ತಾದ. ಅದೇ ವರ್ಷದ ನವೆಂಬರಿನಲ್ಲಿ, ಯುದ್ಧ ನಿಲ್ಲಲು ಎರಡು ದಿನ ಇರುವಾಗ, ಅಮೆರಿಕದ ಮೊಯಿನಾ ಮೈಕೆಲ್ ಎಂಬ ಶಿಕ್ಷಕಿ ಆ ಕವಿತೆ ಓದಿ, ಇನ್ನು ಮೇಲೆ ಸತ್ತವರ ನೆನಪಿಗೆ ಈ ಹೂವನ್ನು ಧರಿಸುತ್ತೇನೆಂದು ನಿಶ್ಚಯಿಸಿದಳು. ಫ್ರಾನ್ಸಿನ ಆನಾ ಗೆರಾನ್ ಎಂಬಾಕೆ ಬಟ್ಟೆಯ ಹೂವು ಮಾಡಿಸಿ ದೇಶದೇಶಕ್ಕೆ ಒಯ್ದಳು. 1921ರ ನವೆಂಬರಿನಿಂದ ಬ್ರಿಟನ್ನಿನಲ್ಲಿ ಅದು ಪದ್ಧತಿಯೇ ಆಗಿಬಿಟ್ಟಿತು. ಕಾಸು ಹಾಕಿ, ಹೂವು ಚುಚ್ಚಿಕೋ. ಆ ಕಾಸು ಗಾಯಗೊಂಡ ಸೈನಿಕರಿಗೆ, ಸತ್ತವರ ಮನೆಯವರಿಗೆ.

ಬೇಂದ್ರೆಯವರ ಊರಿನಲ್ಲಿ ಹೂವಿನ ಮೇಲೆ ಕವಿತೆ ಬರೆಯದವನನ್ನು ಹುಡುಕುವುದು ಕಷ್ಟ. ನಮ್ಮ ಓಣಿಯಲ್ಲೇ ಪಾರಿಜಾತದ ಮೇಲೆ ಮೂವರು ಬರೆದಿದ್ದಾರೆ, ಒಬ್ಬರದು ಮುದ್ರಣವೂ ಆಗಿದೆ. ಆದರೆ ಒಂದು ಕವಿತೆ ಓದಿ ಇಡೀ ದೇಶವೇ ಹೂವು ಚುಚ್ಚಿಕೊಂಡು ಓಡಾಡುವುದೆಂದರೆ! ನಮ್ಮ ಮೂವರೂ ಕವಿಗಳಿಗೆ ಈ ಕಥೆ ಹೇಳಬಾರದೆಂದು ನಾನೂ ಕಾಕಾನೂ ಅಲ್ಲೇ ಒಪ್ಪಂದ ಮಾಡಿಕೊಂಡೆವು.

ಕಾಕಾ ಅಷ್ಟಕ್ಕೇ ಬಿಡುವವರಲ್ಲ. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಪೀಠ ಬಂದ ಮೇಲೆ ನಮ್ಮಲ್ಲಿ ಓಣಿಗೊಬ್ಬ ವಕೀಲರಾಗಿದ್ದಾರೆ, ಅವರೆದುರು ಯಾವ ಕಥೆಯೂ ಪಾಟೀಸವಾಲು ತಪ್ಪಿಸಿಕೊಳ್ಳುವುದಿಲ್ಲ. "ಅದು ಅವರ ಯುದ್ಧ, ಅವರ ಹೂವು. ನೀ ಯಾಕ ಚುಚ್ಚಿಕೊಂಡೀಪಾ?"

ಹುಡುಗ ಉತ್ತರ ತಯಾರಾಗಿಟ್ಟುಕೊಂಡಿದ್ದ. ಅಲ್ಲಿಯೂ ಈ ಪ್ರಶ್ನೆ ಅವನನ್ನು ಬಿಟ್ಟಿರಲಿಕ್ಕಿಲ್ಲ. ಆ ಯುದ್ಧದಲ್ಲಿ ಹಿಂದುಸ್ತಾನದಿಂದ ದುಡಿದವರು ಸುಮಾರು 13 ಲಕ್ಷ ಜನ, ಹಿಂತಿರುಗಿ ಬಾರದವರು 74 ಸಾವಿರಕ್ಕೂ ಹೆಚ್ಚು. ಫ್ರಾನ್ಸಿನ ನವ್ ಶಪೆಲ್ ಎಂಬ ಹಳ್ಳಿಯ ಹತ್ತಿರ ಗೋರಿ ಕೂಡ ಸಿಗದ ನಮ್ಮವರ 4,700ಕ್ಕೂ ಹೆಚ್ಚು ಹೆಸರು ಕಲ್ಲಿನಲ್ಲಿ ಕೆತ್ತಿದ್ದಾರೆ, 1927ರಲ್ಲಿ ಕಟ್ಟಿದ ಸ್ಮಾರಕ. ಮೆಕ್ರೇ ಕವಿತೆ ಬರೆಯುವ ಒಂದು ವಾರ ಮುಂಚೆ ಅದೇ ಈಪ್ರದ ಹತ್ತಿರ ವಿಷಗಾಳಿ ಕುಡಿದು ಸತ್ತವರಲ್ಲಿ ನಮ್ಮ ಲಾಹೋರ್ ಡಿವಿಜನ್ನಿನ ಸಿಪಾಯಿಗಳೂ ಇದ್ದರು.

ಅದು ಫ್ರಾನ್ಸಿನ ಮಾತಾಯಿತು. ನಮ್ಮ ಕಡೆಯವರ ಸಾವು ಬೇರೆ ದಿಕ್ಕಿನಲ್ಲಿತ್ತು. ಇವತ್ತು ಬೆಳಗಾವಿಯಲ್ಲಿ ಕೇಂದ್ರ ಇಟ್ಟುಕೊಂಡಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಅಂದಿನ ಪಲ್ಟನ್ನುಗಳು ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ ಹೋದವು. ಕುಟ್ ಎಂಬ ಊರಿನಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕು, ತಿಂಗಳುಗಟ್ಟಲೆ ಹಸಿದು, ಕಡೆಗೆ 1916ರ ಏಪ್ರಿಲ್ 29ರಂದು ಶರಣಾದ ಸೈನ್ಯದಲ್ಲಿ ಅವರಿದ್ದರು. ಮೈಸೂರು ಮಹಾರಾಜರ ಲ್ಯಾನ್ಸರ್ಸ್ ದಳ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಪಟ್ಟಣವನ್ನು ಕುದುರೆಯ ಮೇಲೆ ಏರಿ ಹೋಗಿ ಗೆದ್ದದ್ದು ಎಲ್ಲರಿಗೂ ಗೊತ್ತು. ಆ ಪ್ಯಾಲೆಸ್ತೀನಿನ ಗುಡ್ಡಗಳಲ್ಲೂ ಕೆಂಪು ಪಾಪಿ ಕಾಡು ಹೂವಾಗಿ ಬೆಳೆಯುತ್ತದೆ. ಆದರೆ ಅರಳುವುದು ವಸಂತದಲ್ಲಿ. ನಮ್ಮ ಕುದುರೆಗಳು ಹೋದದ್ದು ಸೆಪ್ಟೆಂಬರಿನಲ್ಲಿ, ಹೂವಿನ ಬೀಜ ಮಣ್ಣೊಳಗೆ ಮಲಗಿದ್ದಾಗ. ನೋಡುವ ಯೋಗ ಅಲ್ಲಿಯೂ ಬರಲಿಲ್ಲ.

ನಡುವೆ ಅಳಿಯ ಇನ್ನೊಂದು ಸುದ್ದಿ ಹೇಳಿದ. 2018ರಲ್ಲಿ, ಯುದ್ಧ ನಿಂತು ನೂರು ವರ್ಷವಾದಾಗ, ಬ್ರಿಟನ್ನಿನವರು ಹಿಂದುಸ್ತಾನಿ ಸೈನಿಕರ ಗೌರವಕ್ಕಾಗಿ ಖಾದಿ ಬಟ್ಟೆಯ ಪಾಪಿ ಹೊರಡಿಸಿದ್ದರಂತೆ. ಖಾದಿ ಎಂದ ಕೂಡಲೇ ಅಡಿಗೆಮನೆಯಿಂದ ನನ್ನ ಹೆಂಡತಿ ಹೊರಗೆ ಬಂದಳು. ಆಕೆಯ ತವರು ಹುಬ್ಬಳ್ಳಿಯ ಬೆಂಗೇರಿ ಕಡೆ. ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಿಂದ ಇದೆ, ದೇಶದ ರಾಷ್ಟ್ರಧ್ವಜ ಹೊಲಿಯುವ ಜಾಗ ಅದು. ಇತ್ತ ನಮ್ಮ ಧಾರವಾಡ ತಾಲೂಕಿನ ಗರಗದಲ್ಲಿ ಧ್ವಜದ ಖಾದಿ ನೇಯುತ್ತ ಬಂದಿದ್ದಾರೆ. ಅಲ್ಲಿ ಕೆಲಸ ಮಾಡುವವರು ಬಹುತೇಕ ಹೆಣ್ಣುಮಕ್ಕಳೇ. "ನಮ್ಮ ಹೆಣ್ಣಮಕ್ಕಳು ಇಡೀ ದೇಶದ ಝೇಂಡಾನ ಹೊಲೀತಾರ, ಒಂದು ಹೂವು ಹೊಲಿಯೂದು ಯಾ ಮಹಾ? ನಮಗ ಆರ್ಡರ್ ಕೊಡಬೇಕಿತ್ತು," ಎಂದಳು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಟ್ಟೆಗೂ ಕೈಮಗ್ಗವಲ್ಲದ ಯಂತ್ರಕ್ಕೂ ಅವಕಾಶ ಕೊಟ್ಟಾಗಿನಿಂದ ಬೆಂಗೇರಿಯ ಮಾತು ಎತ್ತಿದರೆ ಆಕೆ ಬೇಗ ತಣ್ಣಗಾಗುವುದಿಲ್ಲ. ಅತ್ತ ಬ್ರಿಟನ್ನಿನವರು 2023ರಲ್ಲಿ ಪ್ಲಾಸ್ಟಿಕ್ ಬಿಟ್ಟು ಬರೀ ಕಾಗದದ ಪಾಪಿಗೆ ಬಂದಿದ್ದಾರೆ, ಇತ್ತ ನಾವು ಖಾದಿ ಬಿಟ್ಟು ಪ್ಲಾಸ್ಟಿಕ್ಕಿನ ದಾರಕ್ಕೆ ಹೋಗಿದ್ದೇವೆ. ಇದನ್ನು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಗಟ್ಟಿಯಾಗಿ ಅಂದಿದ್ದರೆ ಆ ದಿನದ ಅನಾರಸ ಸುಟ್ಟು ಹೋಗುತ್ತಿತ್ತು.

ಅನಾರಸದ ಮಾತು ಸುಮ್ಮನೆ ಬರಲಿಲ್ಲ. ಹಿಟ್ಟಿನ ಉಂಡೆಯನ್ನು ಕಸಕಸಿಯ ಮೇಲೆ ತಟ್ಟಿ ತುಪ್ಪಕ್ಕೆ ಬಿಡುವುದು ನಮ್ಮ ಮನೆಯ ದೀಪಾವಳಿ. ಬೆಂಗಳೂರಿನವರು ಗಸಗಸೆ ಅನ್ನುತ್ತಾರಲ್ಲ, ಅದೇ. ಪಾಯಸ ಮಾಡಿ ಕುಡಿದರೆ ಮಧ್ಯಾಹ್ನದ ನಿದ್ದೆಗೆ ಬೇರೆ ಏರ್ಪಾಟು ಬೇಡ. ಹುಬ್ಬಳ್ಳಿಯ ಸಾವಜಿ ಖಾನಾವಳಿಗಳ ಮಸಾಲೆಯಲ್ಲಿ ಒಣಕೊಬ್ಬರಿಯ ಜೊತೆ ಅರೆಯುವುದೂ ಇದನ್ನೇ. ಅಳಿಯನ ಮಗಳು, ಏಳೆಂಟು ವರ್ಷದ ಕೂಸು, ಆ ಡಬ್ಬಿಯನ್ನು ನೋಡಿ "ಅಜ್ಜಾ, ಪಾಪಿ ಸೀಡ್ಸ್!" ಎಂದು ಕೂಗಿತು. ಹಾಗಾದರೆ ಆ ಹೂವಿನ ಬೀಜ ಮೂವತ್ತು ವರ್ಷದಿಂದ ನಮ್ಮ ಅಡಿಗೆಮನೆಯಲ್ಲೇ ಕುಳಿತಿದೆ! ಒಂದು ಹಿಡಿ ತೆಗೆದು ಹಿತ್ತಲಿಗೆ ಚೆಲ್ಲಿದರೆ ಆಯಿತಲ್ಲ ಎಂದು ನಾನು ಎದ್ದೆ.

"ಕೂಡ್ರೋ ಮಾರಾಯಾ," ಎಂದು ಕಾಕಾ ನನ್ನ ಅಂಗಿ ಹಿಡಿದು ಎಳೆದರು. ಆ ದಿನ ಅವರು ನಮ್ಮ ಮನೆಯಲ್ಲಿ ಇದ್ದದ್ದು ನನ್ನ ಪುಣ್ಯ. ಕಸಕಸಿ ಬರುವುದು ಅಫೀಮಿನ ಗಿಡದಿಂದ. ಬಲಿಯದ ಕಾಯಿಯನ್ನು ಗೀರಿದರೆ ಒಸರುವ ಹಾಲೇ ಅಫೀಮು. ಬೀಜ ತಿನ್ನುವುದಕ್ಕೆ ಅಡ್ಡಿಯಿಲ್ಲ, ಗಿಡ ಬೆಳೆಸಿದಿರೋ 1985ರ ಮಾದಕ ವಸ್ತು ಕಾಯ್ದೆ ಬಂದು ಬಾಗಿಲು ಬಡಿಯುತ್ತದೆ. ಸರಕಾರದ ಪರವಾನಗಿ ಇರುವುದು ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ಕೆಲವೇ ಜಿಲ್ಲೆಗಳ ರೈತರಿಗೆ. ಅವರ ಹೊಲವನ್ನೂ ಅಧಿಕಾರಿಗಳು ಅಳೆದು, ಅಫೀಮನ್ನು ತೂಗಿ ಒಯ್ಯುತ್ತಾರೆ. "ನಿನ್ನ ಹಿತ್ತಲದಾಗ ಹತ್ತು ಗಿಡ ಎದ್ದರ ನನಗ ಒಂದು ಕೇಸು ಸಿಗತೈತಿ ಖರೆ, ಆದರ ಫೀ ಕೊಡಲಿಕ್ಕೆ ನೀನು ಹೊರಗ ಇರಬೇಕಲ್ಲ."

ಅಳಿಯನ ಎದೆಯ ಮೇಲಿನದು ಅಫೀಮಿನ ಗಿಡವಲ್ಲ. ಎರಡೂ ಒಂದೇ ಕುಲದವು, ಒಡಹುಟ್ಟಿದವು ಅನ್ನಿ. ಹೊಲದ ಕೆಂಪು ಪಾಪಿಯಲ್ಲಿ ಅಫೀಮು ಇಲ್ಲ. ಆದರೆ ಅಣ್ಣನ ಹೆಸರು ಕೆಟ್ಟರೆ ತಮ್ಮನಿಗೂ ಹೆಣ್ಣು ಕೊಡುವಾಗ ಜನ ಯೋಚಿಸುತ್ತಾರೆ. 2010ರ ನವೆಂಬರಿನಲ್ಲಿ ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಚೀನಾಕ್ಕೆ ಹೋದಾಗ ಅಲ್ಲಿಯವರು ಈ ಹೂವನ್ನು ತೆಗೆದು ಬನ್ನಿ ಎಂದರಂತೆ. ಅವರಿಗೆ ನೆನಪಾದದ್ದು ಮಹಾಯುದ್ಧವಲ್ಲ, ತಮ್ಮ ಮೇಲೆ ಬ್ರಿಟಿಷರು ಹೇರಿದ ಅಫೀಮು ಯುದ್ಧ. ಆ ಅಫೀಮು ಹೋದದ್ದೂ ನಮ್ಮ ದೇಶದಿಂದಲೇ, ಕಲಕತ್ತೆ ಮತ್ತು ಮುಂಬಯಿ ಬಂದರುಗಳಿಂದ. ಕ್ಯಾಮರೂನ್ ಹೂವು ತೆಗೆಯಲಿಲ್ಲ. ಬ್ರಿಟನ್ನಿನಲ್ಲೇ ಯುದ್ಧದ ಗೌರವ ಬೇಡ, ಶಾಂತಿ ಬೇಕು ಎನ್ನುವ ಹೆಣ್ಣುಮಕ್ಕಳ ಸಂಘವೊಂದು 1933ರಿಂದ ಬಿಳಿ ಪಾಪಿ ಹಂಚಲು ಶುರು ಮಾಡಿತು, ಅದಕ್ಕೂ ಬೈಗುಳ ತಿಂದಿತು. ಒಂದು ಹೂವಿಗೆ ಎಷ್ಟು ಕೋರ್ಟು ಕಚೇರಿ ನೋಡಿ.

ಕೂಸಿನ ಚೀಲದಲ್ಲಿ ಒಂದು ಪುಟ್ಟ ಪೊಟ್ಟಣ ಇತ್ತು, ಶಾಲೆಯಲ್ಲಿ ಕೊಟ್ಟದ್ದು. ಒಳಗೆ ಹೊಲದ ಪಾಪಿಯ ಬೀಜ. ಹೆಸರನ್ನು ಕಾಕಾ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ನಿರಾಕ್ಷೇಪಣೆ ನೀಡಿದರು. ನಾನು ಮನೆಯ ಮುಂದಿನ ಹಳೆಯ ಕುಂಡದಲ್ಲಿ ಗೊಬ್ಬರ ಮಣ್ಣು ಕಲಸಿ, ಮೊಮ್ಮಗಳ ಕೈಯಿಂದಲೇ ಬೀಜ ಚೆಲ್ಲಿಸಿ, ನೀರು ಚಿಮುಕಿಸಿದೆ. ಓಣಿಯ ಮಕ್ಕಳೆಲ್ಲ ಸೇರಿ ಚಪ್ಪಾಳೆ ಹೊಡೆದರು. ಮರುದಿನ ಮುಂಜಾನೆ ನೋಡುತ್ತೇನೆ, ಕೆಂಪಿರುವೆಗಳ ಉದ್ದ ಮೆರವಣಿಗೆ ಕುಂಡದಿಂದ ಹೊರಟು, ಮೆಟ್ಟಿಲಿಳಿದು, ಕಾಂಪೌಂಡಿನ ಬಿರುಕಿನೊಳಗೆ ಹೋಗುತ್ತಿದೆ. ಒಂದೊಂದರ ಬಾಯಲ್ಲೂ ಒಂದೊಂದು ಬೀಜ. ಬ್ರಿಟಿಷರು ನಮ್ಮಿಂದ ಒಯ್ದದ್ದಕ್ಕೆ ಧಾರವಾಡದ ಇರುವೆಗಳು ಅಷ್ಟರ ಮಟ್ಟಿಗೆ ವಸೂಲಿ ಮಾಡಿಕೊಂಡವು. ನಾಲ್ಕೈದು ವಾರ ಕಳೆದು ಅದೇ ಕುಂಡದಲ್ಲಿ ಒಂದು ಮೊಳಕೆ ಕಂಡಾಗ ಹೆಂಡತಿ ಕೀಳಲು ಕೈ ಹಾಕಿದಳು. ಎಲೆಗೆ ಮುಳ್ಳಿತ್ತು. ನಡುವೆ ಬಿಳಿ ನರ. ಧಾರವಾಡದ ಹಾದಿ ಬದಿಯಲ್ಲಿ ನಡೆದವರೆಲ್ಲ ಗುರುತಿಸುವ ಗಿಡ, ದತ್ತೂರಿ. ಶಿವನಿಗೆ ಏರಿಸುವ, ಬಿಳಿ ತುತ್ತೂರಿ ಹೂವಿನ ದತ್ತೂರಿ ಅಲ್ಲ, ಮೈಯೆಲ್ಲ ಮುಳ್ಳಿದ್ದು ಹಳದಿ ಹೂವು ಬಿಡುವುದು. ಕೆಲವರು ಅರಿಶಿಣ ಉಮ್ಮತ್ತಿ ಅನ್ನುತ್ತಾರೆ.

"ಕೀಳಬ್ಯಾಡ್ರಿ ವೈನಿ," ಎಂದವರು ಎದುರುಮನೆಯ ಸರ್. ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು, ಅವರಿಗೆ ಕಳೆಗಳ ಮೇಲೆ ಹುಟ್ಟಿದ ಮಕ್ಕಳಿಗಿಂತ ಒಂದು ಕೈ ಹೆಚ್ಚೇ ಮಮತೆ. "ನಿಮ್ಮ ಅಳಿಯ ಎದಿಗೆ ಚುಚ್ಚಿಕೊಂಡು ಬಂದಿದ್ದ ಹೂವು ಐತಲ್ಲ, ಇದು ಅದರ ಖಾಸಾ ದಾಯಾದಿ. ಪಾಪಿಯ ಮನೆತನದೊಳಗ ನಮ್ಮ ಧಾರವಾಡದ ಬಯಲಾಗ ತಾನಾಗಿ ಬೆಳೆಯೋದು ಇದೊಂದ."

ನಾನು ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಸರ್ ನಿಂತೇ ಪಾಠ ಶುರು ಮಾಡಿದರು. ಒಂದು ಕೆಂಪು ಪಾಪಿ ಗಿಡ ಸಾವಿರ ಸಾವಿರ ಬೀಜ ಬಿಡುತ್ತದೆ. ಕಾಯಿಯ ತಲೆಯ ಕೆಳಗೆ ಪೌಡರ್ ಡಬ್ಬಿಯ ಮುಚ್ಚಳದಲ್ಲಿರುವಂಥ ತೂತುಗಳು, ಗಾಳಿಗೆ ತೂಗಿದಾಗ ಅಷ್ಟಷ್ಟೇ ಬೀಜ ಉದುರುತ್ತವೆ. ಮಣ್ಣಿನೊಳಗೆ ಹೋದ ಬೀಜ ದಶಕಗಟ್ಟಲೆ ಸುಮ್ಮನೆ ಮಲಗಿರಬಲ್ಲದು. ಅದಕ್ಕೆ ಬೇಕಾದದ್ದು ಬೆಳಕು. ನೇಗಿಲೋ ಗುದ್ದಲಿಯೋ ತೋಪೋ ಮಣ್ಣನ್ನು ತಿರುವಿ ಹಾಕಿದಾಗ ಮೇಲೆ ಬಂದು, ಬಿಸಿಲು ಕಂಡು, ಮೊಳೆಯುತ್ತದೆ. ಯುದ್ಧಭೂಮಿಯಲ್ಲಿ ಅದು ಅಷ್ಟೊಂದು ಅರಳಿದ್ದಕ್ಕೆ ರಕ್ತ ಕಾರಣವಲ್ಲ, ಅಗೆತ ಕಾರಣ. ಕವಿಗಳು ಅದಕ್ಕೆ ಬೇರೆ ಅರ್ಥ ಹಚ್ಚಿದರು. ಹಚ್ಚದಿದ್ದರೆ ಕವಿಗಳು ಯಾಕೆ ಬೇಕು, ಅದೂ ಖರೆ. ನೆಪೋಲಿಯನ್ನನ ಕಾಲದ ರಣರಂಗಗಳಲ್ಲೂ ಅದು ಎದ್ದಿತ್ತು. ಶಾಂತಿಯ ಕಾಲದಲ್ಲೂ ಗೋಧಿ ಹೊಲದಲ್ಲಿ ವರ್ಷ ವರ್ಷ ಏಳುತ್ತಲೇ ಇತ್ತು, ಕಳೆನಾಶಕ ಬರುವ ತನಕ. ಪಶ್ಚಿಮ ಏಷ್ಯಾದಿಂದ ಗೋಧಿಯ ಬೆನ್ನು ಹತ್ತಿ ಯುರೋಪಿಗೆ ಹೋದ ಕಳೆ ಅದು. ನಮ್ಮ ದೇಶದಲ್ಲಿ ಕಾಶ್ಮೀರದ ಹೊಲಗಳಲ್ಲಿ ನೋಡಬಹುದು. ನವಲಗುಂದ, ಕುಂದಗೋಳದ ಎರೆ ಹೊಲದಲ್ಲೂ ಗೋಧಿಯಿದೆ, ಜವೆ ಗೋಧಿಯೂ ಇದೆ, ಕೆಂಪು ಹೂವು ಮಾತ್ರ ಇಲ್ಲಿಯ ತನಕ ಇಳಿಯಲಿಲ್ಲ.

ಅಗೆತ ಎಂದಾಗ ನನಗೆ ಹೊಟ್ಟೆಯುರಿಯಿತು. ಅಗೆದ ನೆಲ ಬೇಕಂತೆ! 1962ರಲ್ಲಿ ಎರಡೂ ಊರನ್ನು ಒಂದೇ ಪಾಲಿಕೆಗೆ ಗಂಟು ಹಾಕಿದ ಮೇಲೆ ಹುಬ್ಬಳ್ಳಿಯವರಿಗೂ ಧಾರವಾಡದವರಿಗೂ ಒಮ್ಮತ ಇರುವ ಸಂಗತಿ ಇದೊಂದೇ. ರಸ್ತೆಗೆಂದು ಅಗೆಯುತ್ತಾರೆ, ನೀರಿನ ಪೈಪಿಗೆಂದು ಅಗೆಯುತ್ತಾರೆ, ಮುಚ್ಚಿ ಡಾಂಬರು ಹಾಕಿದ ವಾರಕ್ಕೆ ಗ್ಯಾಸಿನವರೋ ಕೇಬಲ್ಲಿನವರೋ ಬರುತ್ತಾರೆ. 2018ರಲ್ಲಿ 'ಚಿಗರಿ' ಬಸ್ಸು ಓಡುವ ಮೊದಲು ಎರಡೂ ಊರಿನ ನಡುವಿನ ಇಪ್ಪತ್ತೆರಡು ಕಿಲೋಮೀಟರಿನಲ್ಲಿ ಮಣ್ಣಿನ ಗುಡ್ಡ ಕಾಣದ ಜಾಗ ಹುಡುಕಬೇಕಿತ್ತು. ಆ ಬೀಜ ಇಲ್ಲಿಗೆ ಬಂದಿದ್ದರೆ ಧಾರವಾಡದ ಜುಬಿಲಿ ಸರ್ಕಲ್ಲಿನಿಂದ ಹುಬ್ಬಳ್ಳಿಯ ಹೊಸೂರಿನ ತನಕ ಕೆಂಪು ಜಮಖಾನೆ ಹಾಸುತ್ತಿತ್ತು. ಇಂಥ ಅನುಕೂಲ ಜಗತ್ತಿನ ಯಾವ ಊರು ಮಾಡಿಕೊಟ್ಟೀತು?

"ಅದಕ್ಕ ದತ್ತೂರಿ ಬಂದದ," ಎಂದರು ಸರ್ ಶಾಂತವಾಗಿ.

ಮರುದಿನದಿಂದ ನಾನು ನೋಡುತ್ತ ನಡೆದೆ. ಖರೆ. ಪೈಪು ಹೂತು ಮುಚ್ಚಿದ ಮಣ್ಣಿನ ಮೇಲೆ, ಕಟ್ಟಿ ಅರ್ಧಕ್ಕೆ ನಿಂತ ಮನೆಯ ಪಾಯದಲ್ಲಿ, ರೈಲು ಹಳಿಯ ಬದಿಗೆ, ಕೆಲಗೇರಿ ಕೆರೆಯ ಹತ್ತಿರ ಯಾರೋ ಸುರಿದ ಕಟ್ಟಡದ ಕಸದ ಮೇಲೆ, ಎಲ್ಲೆಲ್ಲೂ ಅದೇ. ಚಳಿಗಾಲ ಮುಗಿಯುವ ಹೊತ್ತಿಗೆ ತೆಳ್ಳನೆಯ ಎಸಳಿನ ಅಚ್ಚ ಹಳದಿ ಹೂವು. ಮುಟ್ಟಲು ಹೋದರೆ ಮುಳ್ಳು, ಮುರಿದರೆ ಹಳದಿ ಹಾಲು. ಎಮ್ಮೆ ಕೂಡ ಮೂಸುವುದಿಲ್ಲ. ಧಾರವಾಡಿ ಎಮ್ಮೆ ಏನು ಸಾಮಾನ್ಯ ಎಮ್ಮೆಯೇ? 2021ರಲ್ಲಿ ಸ್ವತಂತ್ರ ತಳಿಯೆಂದು ಸರಕಾರದ ದಾಖಲೆ ಸೇರಿದ್ದು, ಫೇಡೆಗೆ ಹಾಲು ಕೊಡುವಂಥದ್ದು. ಅದು ಬೇಡವೆಂದದ್ದಕ್ಕೆ ಕಾರಣ ಇದೆ. ದತ್ತೂರಿಯ ಬೀಜ ಕರಿ ಸಾಸಿವೆಯನ್ನೇ ಹೋಲುತ್ತದೆ, ಆದರೆ ವಿಷ. 1998ರಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆಗೆ ಇದರ ಎಣ್ಣೆ ಬೆರೆತು, ಕಾಲು ಬಾತು, ಹೃದಯ ಸೋತು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಕುಸುಬಿ ಎಣ್ಣೆ, ಶೇಂಗಾ ಎಣ್ಣೆಯ ಜನ ನಾವು, ನಮಗೆ ಆ ಗಂಡಾಂತರ ತಟ್ಟಲಿಲ್ಲ.

ದತ್ತೂರಿಯೂ ಇಲ್ಲಿಯದಲ್ಲ, ಮೆಕ್ಸಿಕೋ ಕಡೆಯದು, ಎಂದು ಸರ್ ಹೇಳಿದಾಗ ನನ್ನ ಹೆಂಡತಿಗೆ ಗೆದ್ದ ಖುಷಿ. "ನಾ ಹೇಳಲಿಲ್ಲ? ಪರದೇಶದ ಪೀಡಾ!" ಸರ್ ಮುಗುಳ್ನಕ್ಕು ಬಾಗಿಲ ಮೇಲಿನ ತೋರಣದ ಕಡೆ ಬೊಟ್ಟು ಮಾಡಿದರು. ಚೆಂಡುಹೂವು ಕೂಡ ಮೆಕ್ಸಿಕೋದ್ದೇ. ಅದು ಬಂದು ದೇವರ ಜಗುಲಿ ಏರಿತು, ಮದುವೆಯ ಹಂದರ ಏರಿತು, ದೀಪಾವಳಿ ಪಾಡ್ಯದ ದಿನ ಸೆಗಣಿಯಿಂದ ಮಾಡಿ ಪೂಜಿಸುವ ಹಟ್ಟೆವ್ವನ ತಲೆಯ ಮೇಲೂ ಕೂತಿತು. ಹಟ್ಟೆವ್ವನಿಗೆ ಉತ್ತರಾಣಿ ಕಡ್ಡಿ ನಡೆಯುತ್ತದೆ, ಹೊನ್ನವರಿಕೆ ಹೂವು ನಡೆಯುತ್ತದೆ. ಬಯಲಿನ ಕಳೆಗಳಿಗೆಲ್ಲ ವರ್ಷಕ್ಕೊಂದು ದಿನ ಮರ್ಯಾದೆ ಸಿಗುತ್ತದೆ. ದತ್ತೂರಿಗೆ ಅಲ್ಲಿಯೂ ಪ್ರವೇಶವಿಲ್ಲ. ಇತ್ತೀಚೆಗೆ ನಮ್ಮ ಸೈನ್ಯದ ಇತಿಹಾಸ ಬಲ್ಲವರು ಪಾಪಿಯ ಬದಲಿಗೆ ಹಿಂದುಸ್ತಾನಿ ಯೋಧರ ನೆನಪಿಗೆ ಚೆಂಡುಹೂವು ಇರಲಿ ಎಂದು ಹೇಳುತ್ತಿದ್ದಾರೆ. ಇರಲಿ. ಆದರೆ ರಾಜಕಾರಣಿಯ ಕೊರಳಿಗೂ ಹೊಸ ಟ್ರ್ಯಾಕ್ಟರಿನ ಮೂತಿಗೂ ಅದನ್ನೇ ಹಾಕುತ್ತೇವೆ. ಸತ್ತವರಿಗೆಂದು ಮೀಸಲಿಡುವುದು ನಮ್ಮಿಂದ ಆಗುವ ಮಾತೇ? ನನಗೇನೋ ಅನುಮಾನ.

ಹಾಗೆಂದು ನೆನೆಯಬೇಕಾದವರು ನಮ್ಮಲ್ಲಿ ಇಲ್ಲ ಎಂದಲ್ಲ. ಬ್ರಿಟನ್ನಿನಲ್ಲಿ ಮೊದಲ ಸಲ ಪಾಪಿ ಮಾರಿದ 1921ರಲ್ಲೇ, ನಾಲ್ಕು ತಿಂಗಳು ಮುಂಚೆ, ಜುಲೈ 1ರಂದು, ಧಾರವಾಡದ ಜಕಣಿ ಬಾವಿಯ ಹತ್ತಿರ ಸಾರಾಯಿ ಅಂಗಡಿಯ ಪಿಕೆಟಿಂಗಿನ ಗದ್ದಲದಲ್ಲಿ ಪೊಲೀಸರು ಗುಂಡು ಹಾರಿಸಿ ಮೂವರು ಸತ್ತರು. ಮೂವರೂ ಮುಸಲ್ಮಾನರು, ಖಿಲಾಫತ್ ಚಳವಳಿಯ ಕಾಲ. 1942ರಲ್ಲಿ ಹುಬ್ಬಳ್ಳಿಯ ಬೀದಿಯಲ್ಲಿ ಗುಂಡು ತಿಂದ ನಾರಾಯಣ ಡೋಣಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಜಕಣಿ ಬಾವಿಯ ಮುಂದೆ ನಾನು ಲೆಕ್ಕವಿಲ್ಲದಷ್ಟು ಸಲ ಹಾದು ಹೋಗಿದ್ದೇನೆ, ಹೆಚ್ಚಾಗಿ ಕಾಯಿಪಲ್ಲೆಯ ಚೀಲ ಹಿಡಿದು. ಅಳಿಯ ಈಪ್ರದ ಕಥೆ ಹೇಳುವ ತನಕ ಒಮ್ಮೆಯೂ ಅಲ್ಲಿ ನಿಂತು ಇಸವಿ ಲೆಕ್ಕ ಹಾಕಿರಲಿಲ್ಲ. ನಮ್ಮದು ಹೂವಿನ ಕೊರತೆಯಲ್ಲ.

ಕೆಂಪೇ ಬೇಕೆನ್ನುವವರಿಗೆ ನಮ್ಮಲ್ಲಿ ಮುತ್ತಲ ಇದೆ. ಫೆಬ್ರುವರಿ ಮುಗಿದು ಮಾರ್ಚ್ ಹಿಡಿಯುವಾಗ ಅಳ್ನಾವರದ ಹಾದಿ, ಹಳಿಯಾಳದ ಹಾದಿ ಹಿಡಿದು ನೋಡಬೇಕು. ಎಲೆಯೆಲ್ಲ ಉದುರಿಸಿ ಬರೀ ಹೂವಾಗಿ ನಿಂತ ಮರ. ನಾವು ಅದರ ಎಲೆಯಲ್ಲಿ ಉಂಡವರು, ಹೂವು ಕುದಿಸಿ ಬಣ್ಣ ಮಾಡಿ ಒಬ್ಬರಿಗೊಬ್ಬರು ಸೋಕಿದವರು. ಪಲಾಶದ, ಅಂದರೆ ಇದೇ ಮುತ್ತಲದ, ಮರಗಳಿಂದಲೇ ಹೆಸರು ಪಡೆದ ಪ್ಲಾಸಿಯಲ್ಲಿ 1757ರಲ್ಲಿ ದೇಶ ಕೈಬಿಟ್ಟು ಹೋಗುವ ಯುದ್ಧ ನಡೆದರೂ ಯಾರೂ ಆ ಹೂವಿಗೆ ಸೂತಕ ಹಚ್ಚಲಿಲ್ಲ. ಹುಬ್ಬಳ್ಳಿಯಲ್ಲಿ ಹುಣ್ಣಿಮೆಗೆ ಕಾಮಣ್ಣನನ್ನು ಕೂಡಿಸಿ, ಸುಟ್ಟು, ಐದನೆಯ ದಿನ ರಂಗಪಂಚಮಿ ಆಡುವ ಜನಕ್ಕೆ ಕೆಂಪೆಂದರೆ ಹಬ್ಬ. ಈಗ ಬಣ್ಣವೆಲ್ಲ ಪೊಟ್ಟಣದಲ್ಲಿ ಬರುತ್ತದೆ, ವಾರ ತೊಳೆದರೂ ಹೋಗುವುದಿಲ್ಲ. ಹೋದ ವರ್ಷ ಬ್ಯಾಂಕಿನ ಕ್ಯಾಷಿಯರು ನನ್ನ ಹಸಿರು ಕಿವಿ ನೋಡಿ ಆಧಾರ್ ಕಾರ್ಡು ಕೇಳಿದ.

ಕುಂಡದ ದತ್ತೂರಿ ಎರಡು ಹೂವು ಬಿಟ್ಟಿತು. ನಾನು ಒಂದನ್ನು ಕೊಯ್ದು, ಮುಳ್ಳು ತೆಗೆದು, ಅಂಗಿಯ ಗುಂಡಿಗೆ ಸಿಗಿಸಿಕೊಂಡು ಜುಬಿಲಿ ಸರ್ಕಲ್ಲಿನ ತನಕ ಹೋಗಿ ಬಂದೆ. ದಾರಿಯಲ್ಲಿ ಸಿಕ್ಕ ಕಾಕಾ, "ಇದು ಯಾವ ಪಕ್ಷ?" ಎಂದು ಕೇಳಲಿಲ್ಲ, "ಆರೋಗ್ಯ ಹೆಂಗೈತಿ?" ಎಂದು ಕೇಳಿದರು. ಹಳದಿ ಹಾಲಿನ ಕಲೆ ಅಂಗಿಯಿಂದ ಪೂರ್ತಿ ಹೋಗಲಿಲ್ಲ. ಹೆಂಡತಿ ಆ ಅಂಗಿಯನ್ನು ನೆಲ ಒರೆಸುವ ಬಟ್ಟೆಯ ಸಾಲಿಗೆ ಸೇರಿಸಿ ಗಿಡವನ್ನು ಕಿತ್ತಳು. ಬೀಜ ಬಲಿಯುವ ಮುಂಚೆ ಕಿತ್ತದ್ದು ಸರಿಯಾದ ಕೆಲಸವೇ ಎಂದು ಸರ್ ಕೂಡ ಒಪ್ಪಿದರು. ಮಮತೆ ಬೇರೆ, ವಿವೇಕ ಬೇರೆ.

ಇಷ್ಟೆಲ್ಲ ತಿಳಿದುಕೊಂಡು ಏನು ಬಂತು ಎಂದು ನೀವು ಕೇಳಬಹುದು. ಒಂದು ಉಪಯೋಗವಂತೂ ಆಯಿತು. ಸರ್ ಅವರ ಮಗಳು ದುಬೈಯಲ್ಲಿ ಹಡೆದಿದ್ದಾಳೆ. ಬಾಣಂತಿಗೆಂದು ಅವರ ಮನೆಯಲ್ಲಿ ಅಂಟಿನ ಉಂಡಿ ಕಟ್ಟುತ್ತಿದ್ದ ವಾಸನೆ ಬಂತು, ನಾನು ಚಪ್ಪಲಿ ಕೂಡ ಮೆಟ್ಟದೆ ರಸ್ತೆ ದಾಟಿ ಓಡಿದೆ. ಕೊಬ್ಬರಿ, ಉತ್ತತ್ತಿ, ಅಂಟು ಎಲ್ಲ ಹಾಕಿ ಆಗಿತ್ತು, ಹುರಿದ ಕಸಕಸಿಯ ತಾಟು ಅವರ ಹೆಂಡತಿಯ ಕೈಯಲ್ಲಿತ್ತು. ದುಬೈಯಲ್ಲಿ ಕಸಕಸಿ ನಿಷಿದ್ಧ, ಸೌದಿ ಮತ್ತು ಸಿಂಗಪುರದಲ್ಲೂ ಹಾಗೇ. ಬ್ರೆಡ್ಡಿನ ಮೇಲಿನ ಮೂರು ಕಾಳು ಬಟ್ಟೆಗೆ ಅಂಟಿದ್ದಕ್ಕೆ ಒಬ್ಬ ಪ್ರಯಾಣಿಕ ದುಬೈಯಲ್ಲಿ ಜೈಲು ಕಂಡ ಸುದ್ದಿ 2008ರಲ್ಲಿ ಬ್ರಿಟನ್ನಿನ ಪತ್ರಿಕೆಗಳಲ್ಲಿ ಬಂದಿತ್ತು. ಸಸ್ಯಶಾಸ್ತ್ರದ ಸರ್‌ಗೆ ಇದು ಗೊತ್ತಿರಲಿಲ್ಲ! ನನಗೆ ಸಿಕ್ಕ ಸಮಾಧಾನ ಹೇಳತೀರದು. ನಿಮ್ಮ ಮನೆಯಿಂದಲೂ ಆ ಕಡೆಗೆ ಯಾರಾದರೂ ಹೊರಟಿದ್ದರೆ ಉಂಡಿ ಕಟ್ಟಿ, ಮಸಾಲೆ ಪುಡಿ ಕಟ್ಟಿ, ಕಸಕಸಿಯನ್ನು ಮಾತ್ರ ಊರಲ್ಲೇ ಇಟ್ಟುಕೊಳ್ಳಿ. ಕಿಲೋಕ್ಕೆ ಸಾವಿರ ರೂಪಾಯಿ ದಾಟಿದೆ, ಹೇಗೂ ಉಳಿತಾಯವೇ.